ಹೋಲ್ಡಾನ್ ಮತ್ತು ಹೆಂಗಸರ ಕಡೆಯ ಬಾಗಿಲು

ಆ ದಾರಿಯಲ್ಲಿ ದಿನವೂ ಓಡಾಡುವವರಿಗೆಲ್ಲ ಅವನು ಹೋಲ್ಡಾನ್. ಹೆತ್ತವರು ಇಟ್ಟ ಹೆಸರು ಅಂಗಿಯ ಜೇಬಿನ ಮೇಲಿನ ಬಿಲ್ಲೆಯಲ್ಲಿ ಅಚ್ಚಾಗಿತ್ತು ನಿಜ, ಆದರೆ ಅದನ್ನು ಓದುವ ಗೋಜಿಗೆ ಯಾರೂ ಹೋಗಿರಲಿಲ್ಲ. ಬಸ್ಸಿನ ಕಂಡಕ್ಟರುಗಳೆಲ್ಲ ಹೊರಡಲು 'ರೈಟ್' ಎಂದೂ ನಿಲ್ಲಲು 'ಹೋಲ್ಡಾನ್' ಎಂದೂ ಕೂಗುವವರೇ. ಇವನು ಮಾತ್ರ ಒಂದು ರೈಟಿಗೆ ನಾಲ್ಕು ಹೋಲ್ಡಾನ್ ಕೂಗುತ್ತಿದ್ದ. ದೂರದಲ್ಲಿ ಯಾರೋ ಕೊಡೆ ಎತ್ತಿದರೂ ಸಾಕು, ಹೋಲ್ಡಾನ್. ಆ ಮಹಾಶಯ ಕೊಡೆ ಎತ್ತಿದ್ದು ಬಸ್ಸು ನಿಲ್ಲಿಸಲಿಕ್ಕಲ್ಲ, ಬಿಸಿಲಿಗೆ ಎಂದು ಖಾತ್ರಿಯಾದ ಮೇಲೆಯೇ ರೈಟ್. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಬ್ಬೇ ಒಬ್ಬ ಪ್ರಯಾಣಿಕನನ್ನೂ ಅರ್ಧ ದಾರಿಯಲ್ಲಿ ಬಿಟ್ಟು ಹೋದವನಲ್ಲ ಎಂಬುದು ಅವನ ಹೆಮ್ಮೆ. ಅವನ ಬಸ್ಸು ಹೊತ್ತಿಗೆ ಸರಿಯಾಗಿ ಊರು ಮುಟ್ಟಿದ್ದನ್ನು ಕಂಡವರಿಲ್ಲ ಎಂಬುದು ಬೇರೆ ಮಾತು.

ಮನೆಯಲ್ಲೂ ಅದೇ ಕಥೆ. ಬಾಗಿಲಿಗೆ ಬೀಗ ಹಾಕಿ ಒಮ್ಮೆ ಎಳೆದು ನೋಡುವುದು, ನಾಲ್ಕು ಮೆಟ್ಟಿಲು ಇಳಿದು ಮತ್ತೆ ಹತ್ತಿ ಎಳೆದು ನೋಡುವುದು, ರಸ್ತೆಗೆ ಬಂದ ಮೇಲೆ ಗ್ಯಾಸ್ ಆರಿಸಿದೆವೋ ಇಲ್ಲವೋ ಎಂದು ನಿಂತುಬಿಡುವುದು. ಹೆಂಡತಿ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವವಳು. ದಿನಕ್ಕೆ ಮುನ್ನೂರು ಹೊದಿಕೆಗಳ ಸುಕ್ಕು ಬಿಡಿಸಿ ಬರುವ ಆಕೆಗೆ ಮನೆಯಲ್ಲಿದ್ದ ಈ ಒಂದು ಸುಕ್ಕು ಮಾತ್ರ ಯಾವ ಬಿಸಿಗೂ ಬಗ್ಗಿರಲಿಲ್ಲ.

ಹೋಲ್ಡಾನ್ ಮದುವೆಯಾದದ್ದೇ ತಡವಾಗಿ. ಆ ವಿಷಯದಲ್ಲೂ ಹೋಲ್ಡಾನ್ ಹೋಲ್ಡಾನ್ ಎನ್ನುತ್ತ ಮೂವತ್ತೆಂಟಕ್ಕೆ ತಂದು ನಿಲ್ಲಿಸಿದ್ದ. ನಲವತ್ತೊಂದಕ್ಕೆ ಮಗಳು ಹುಟ್ಟಿದಳು. ಅಂಗೈಯಗಲದ ಮಗುವನ್ನು ನೋಡಲು ಬಂದ ಅವನ ಬಸ್ಸಿನ ಡ್ರೈವರು, ವರ್ಷಕ್ಕೊಮ್ಮೆ ಬಾಯಿ ಬಿಡುವ ಆಸಾಮಿ, "ಕೊನೇ ಸ್ಟಾಪಲ್ಲಿ ಚಿಲ್ರೆ ಸಿಕ್ತು ನೋಡಿ" ಅಂದ. ಅಂದಿನಿಂದ ಅವಳು ಚಿಲ್ರೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ, ಅದನ್ನು ಕರೆದರೆ ಅವಳೇ ತಿರುಗಿ ನೋಡುವುದಿಲ್ಲ.

ಈ ಡ್ರೈವರನ ವಿಷಯವನ್ನು ಈಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದೆ ಆದದ್ದು ಅರ್ಥವಾಗುವುದಿಲ್ಲ. ಅವನನ್ನು ಡಿಪೋದಲ್ಲಿ ಮೌನಿ ಎನ್ನುತ್ತಿದ್ದರು. ಹದಿನಾಲ್ಕು ವರ್ಷದಿಂದ ಇಬ್ಬರದೂ ಒಂದೇ ಬಸ್ಸು. ಹಿಂದೆ ನೋಡುವ ಕನ್ನಡಿ ಇರುವುದು ತಲೆ ಬಾಚಿಕೊಳ್ಳಲು ಎಂದು ನಂಬಿದ್ದ ಮೌನಿ, ಪ್ರಯಾಣಿಕರ ಕೂಗಿಗೂ ಕಿವಿಗೊಡುತ್ತಿರಲಿಲ್ಲ. ಪ್ರಯಾಣಿಕರು ಹೇಗೂ ಕೂಗುತ್ತಲೇ ಇರುತ್ತಾರೆ ಎಂಬುದು ಅವನ ವಾದ. ಅವನು ಕೇಳುತ್ತಿದ್ದದ್ದು ಒಂದನ್ನೇ: ಹೋಲ್ಡಾನನ ಕೂಗಿನ ಜೊತೆ ಬರುವ ಸೀಟಿ. ಎರಡು ಸೀಟಿಗೆ ಹೊರಡು, ಒಂದು ಸೀಟಿಗೆ ನಿಲ್ಲು. ಹೋಲ್ಡಾನನದು ಹಳೆಯ ಹಿತ್ತಾಳೆ ಸೀಟಿ. ಯಾವಾಗಲೋ ಚಕ್ರದಡಿ ಸಿಕ್ಕಿ ಅಂಚು ಸೀಳಿ, ಊದಿದಾಗ ಕೊನೆಯಲ್ಲಿ ನೆಗಡಿಯಾದವರ ಹಾಗೆ ಒಂದು 'ಗೊರ್' ಸೇರಿಕೊಳ್ಳುತ್ತಿತ್ತು. ನಿಲ್ದಾಣದಲ್ಲಿ ನಲವತ್ತು ಸೀಟಿ ಒಟ್ಟಿಗೆ ಕಿರುಚಿದರೂ ಮೌನಿ ಆ ಗೊರ್ ಅನ್ನು ಹೆಕ್ಕಿ ಹಿಡಿಯುತ್ತಿದ್ದ.

ಶನಿವಾರ ಚಿಲ್ರೆಗೆ ಶಾಲೆಯಿಲ್ಲ, ಅಮ್ಮನಿಗೆ ಇಡೀ ದಿನ ಪಾಳಿ. ಹಾಗಾಗಿ ಶನಿವಾರದ ದಿನ ಮಗಳು ಅಪ್ಪನ ಬಸ್ಸಿನಲ್ಲಿ, ಕಂಡಕ್ಟರ್ ಸೀಟಿನ ಪಕ್ಕದ ಕಿಟಕಿಯಲ್ಲಿ. ಹೋಗುವಾಗ ಒಂದು ಕಡೆಯ ಹೊಲ, ಬರುವಾಗ ಇನ್ನೊಂದು ಕಡೆಯ ಹೊಲ. ಅವಳು ಇಳಿಯುವವರಿಗೆ 'ನಿಧಾನ ನಿಧಾನ' ಎನ್ನುವಳು, ಹತ್ತುವವರಿಗೆ 'ಒಳಗೆ ಹೋಗಿ, ಒಳಗೆ ಹೋಗಿ' ಎನ್ನುವಳು. ಹೋಲ್ಡಾನ್ ವಾರದ ಆರು ದಿನ ಕೆಲಸ ಮಾಡುತ್ತಿದ್ದ, ಶನಿವಾರ ಮಾತ್ರ ಬದುಕುತ್ತಿದ್ದ. ಬಾಯಿ ಬಿಟ್ಟು ಯಾರಿಗೂ ಹೇಳಿಕೊಂಡಿರಲಿಲ್ಲ ಅಷ್ಟೇ.

ಇದ್ದ ತೊಡಕು ಒಂದೇ, ಅದು ಮಧ್ಯದ ನಿಲ್ದಾಣದಲ್ಲಿ. ಅಲ್ಲಿ ಬಸ್ಸಿಗೆ ಹತ್ತು ನಿಮಿಷ ಬಿಡುವು. ಬಸ್ಸು ನಿಲ್ಲುವ ಮೂರನೇ ಅಂಕಣಕ್ಕೆ ಗೋಡೆ ಹಂಚಿಕೊಂಡು ಸಾರ್ವಜನಿಕ ಶೌಚಾಲಯ, ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ಚಿಲ್ರೆ ನಾಲ್ಕು ವರ್ಷದವಳಿದ್ದಾಗ ಅಪ್ಪ ಅವಳ ಕಣ್ಣಿಗೆ ಅಂಗೈ ಅಡ್ಡ ಹಿಡಿದು, ಗಾಡಿ ಕುದುರೆಗೆ ಪಟ್ಟಿ ಕಟ್ಟಿದ ಹಾಗೆ, ಗಂಡಸರ ಕಡೆ ನಡೆಸಿಕೊಂಡು ಹೋಗುತ್ತಿದ್ದ. ಅಂಗೈ ಅಡ್ಡವಿದ್ದದ್ದರಿಂದ ಮಗು ಎರಡು ಸಲ ಕಂಬಕ್ಕೆ ಹಣೆ ಬಡಿಸಿಕೊಂಡಿತ್ತು. ಆರು ತುಂಬಿದ ಮೇಲೆ ಅವಳು ಬಾಗಿಲಲ್ಲೇ ಕಾಲೂರಿ ನಿಂತುಬಿಟ್ಟಳು.

"ನಾನು ಈ ಕಡೆ ಬರಲ್ಲ. ನಾನು ಆ ಕಡೆಯವಳು."

"ಆ ಕಡೆ ನಾನು ಬರೋ ಹಾಗಿಲ್ಲ ಪುಟ್ಟಾ."

"ನೀನ್ಯಾಕೆ ಬರ್ಬೇಕು? ಒಂದಕ್ಕೆ ಬಂದಿರೋದು ನಂಗೆ."

ಮಾತು ಸರಿಯೇ. ಆದರೆ ಹೋಲ್ಡಾನನಿಗೆ ನೂರೆಂಟು ಕಳವಳ. ಚಿಲಕ ಸಿಕ್ಕಿಹಾಕಿಕೊಂಡರೆ? ನೆಲ ಜಾರಿದರೆ? ಒಳಗೆ ಯಾರಿರುತ್ತಾರೋ? ಆ ಒಳಗನ್ನು ಅವನು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ, ನೋಡದ ಕಡೆ ಏನು ಬೇಕಾದರೂ ಇರಬಹುದಲ್ಲ. ಅದಕ್ಕೆ ಅವನೊಂದು ದಾರಿ ಹುಡುಕಿದ. ಬಾಗಿಲ ಹತ್ತಿರ ನಿಂತು ಬರುವ ಹೆಂಗಸರನ್ನು ಕಣ್ಣಲ್ಲೇ ತೂಗಿ, ನಂಬಿಕೆಯ ಮುಖ ಕಂಡರೆ 'ಅಕ್ಕಾ, ನಮ್ಮ ಮಗೂನ ಸ್ವಲ್ಪ...' ಎಂದು ಹಲ್ಲು ಗಿಂಜುವುದು. ಸೊಸೆ ಹುಡುಕುವವರು ಕೂಡ ಅಷ್ಟು ಸೋಸುವುದಿಲ್ಲ. ಕೈಯಲ್ಲಿ ಮಗುವಿದ್ದರೆ ಒಳ್ಳೆಯದು, ಕನ್ನಡಕವಿದ್ದರೆ ಇನ್ನೂ ಒಳ್ಳೆಯದು, ಗಡಿಬಿಡಿಯಲ್ಲಿದ್ದರೆ ಬೇಡ. ಒಬ್ಬಾಕೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮಗು ನಿಮ್ದೇನಾ?" ಎಂದು ಕೇಳಿ, ಉತ್ತರವನ್ನು ಮಗುವಿನ ಬಾಯಿಂದಲೇ ಹೇಳಿಸಿದಳು. ಇನ್ನೊಬ್ಬಾಕೆ ಹೊರಗೆ ಬರುವಷ್ಟರಲ್ಲಿ ಹೋಲ್ಡಾನ್ ಗೊರಕೆ ಹೊಡೆಯುವುದು, ಹಲ್ಲುಜ್ಜುವಾಗ ಹಾಡುವುದು, ಅಮ್ಮ ಅವನಿಗೆ ಬೈಯುವುದು ಎಲ್ಲವನ್ನೂ ಚಿಲ್ರೆಯಿಂದ ತಿಳಿದುಕೊಂಡು ನಗುತ್ತಾ ಬಂದಿದ್ದಳು.

ಯಾವ ವಯಸ್ಸಿಗೆ ಒಬ್ಬಳೇ ಕಳಿಸಬಹುದು ಎಂಬುದು ಮನೆಯಲ್ಲಿ ದಿನನಿತ್ಯದ ಪಂಚಾಯಿತಿಯಾಯಿತು. ಅಮ್ಮ ಐದು ಎಂದಳು, ಅದಂತೂ ಆಗಲೇ ದಾಟಿ ಹೋಗಿತ್ತು. ಅಪ್ಪ ಹತ್ತು ಎಂದ.

"ಹತ್ತು ವರ್ಷದ ತನಕ ಅವ್ಳು ಹಿಡ್ಕೊಂಡು ಕೂತಿರ್ಬೇಕಾ?" ಎಂದಳು ಹೆಂಡತಿ.

ಆಗ ಹೋಲ್ಡಾನನಿಗೆ ವೃತ್ತಿಯ ಬುದ್ಧಿ ಹೊಳೆಯಿತು. ಬಸ್ಸಿನ ಬಾಗಿಲ ಕಂಬದ ಮೇಲೆ ಹಳದಿ ಗೆರೆಯೊಂದಿದೆ. ಅದರ ಕೆಳಗಿದ್ದವರಿಗೆ ಅರ್ಧ ಟಿಕೆಟ್, ಮೇಲಿದ್ದವರಿಗೆ ಪೂರ್ತಿ. ವಯಸ್ಸಿನ ವಿಷಯದಲ್ಲಿ ತಾಯಂದಿರು ಸುಳ್ಳು ಹೇಳಬಹುದು, ಗೆರೆ ಹೇಳುವುದಿಲ್ಲ. "ತಲೆ ಗೆರೆ ಮುಟ್ಟಿದ ದಿನ ಒಬ್ಳೇ ಹೋಗು" ಎಂದು ಮಗಳಿಗೆ ಮಾತು ಕೊಟ್ಟ. ಮಗಳು ಶನಿವಾರ ಶನಿವಾರ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು, ಏಳು ತುಂಬಿದ ವಾರ ಮುಟ್ಟಿಯೂಬಿಟ್ಟಳು. ಅಪ್ಪ ಚಪ್ಪಲಿ ಬಿಚ್ಚಿಸಿದ. ಆಮೇಲೆ ಜುಟ್ಟು ಲೆಕ್ಕಕ್ಕಿಲ್ಲ ಎಂದ. ಜುಟ್ಟು ಬಿಚ್ಚಿದರೂ ಮುಟ್ಟಿದಾಗ, ಬಸ್ಸಿನ ನೆಲ ಸವೆದು ಗೆರೆ ಕೆಳಗೆ ಬಂದಿದೆ ಎಂದ. ನೆಲ ಸವೆದರೆ ಗೆರೆ ಮೇಲೆ ಹೋಗಬೇಕಲ್ಲವೇ ಎಂದು ಮಗಳು ಕೇಳಲಿಲ್ಲ. ಸುಮ್ಮನೆ ಹೋಗಿ ಕಿಟಕಿಯಲ್ಲಿ ಕೂತಳು. ಅವಳು ಸುಮ್ಮನಾದದ್ದು ಅಪ್ಪನಿಗೆ ಗೆದ್ದ ಹಾಗೆ ಕಂಡಿತು.

ಅವಳು ತನ್ನದೇ ದಾರಿ ಹುಡುಕಿಕೊಂಡಿದ್ದಳು ಎಂದು ಪತ್ತೆ ಹಚ್ಚಿದ್ದು ಅಮ್ಮ. ಒಂದು ಶನಿವಾರ ಸಂಜೆ ಚೀಲ ಬಿಚ್ಚಿದಾಕೆ ನೀರಿನ ಬಾಟಲಿಯನ್ನು ತಂದು ಗಂಡನ ಮುಂದೆ ಮೇಜಿನ ಮೇಲೆ ಕುಕ್ಕಿದಳು.

"ಏನಿದು?"

"ನೀರು," ಎಂದ ಹೋಲ್ಡಾನ್.

"ಬೆಳಗ್ಗೆ ತುಂಬ್ಸಿದ್ದು. ಒಂದು ಗುಟುಕೂ ಕಮ್ಮಿ ಆಗಿಲ್ಲ. ಮೂರು ವಾರದಿಂದ ಹೀಗೇ ಬರ್ತಿದೆ. ನಿಮ್ಮ ಮಗಳು ಶನಿವಾರ ನೀರೇ ಕುಡಿಯಲ್ಲ, ಗೊತ್ತಾ? ಕುಡಿದ್ರೆ ಹೋಗ್ಬೇಕಾಗುತ್ತಲ್ಲ, ಅದಕ್ಕೆ. ನಿನ್ನೆ ಉರಿ ಅಂತ ಅತ್ಲು. ಡಾಕ್ಟ್ರು ನಂಗೆ ಬೈದ್ರು. ನಾನು ಯಾರಿಗೆ ಬೈಲಿ ಹೇಳಿ?"

ಹೋಲ್ಡಾನ್ ಬಾಟಲಿಯನ್ನೇ ನೋಡುತ್ತ ಕೂತ. ಬಿಸಿಲಲ್ಲಿ ಎಂಟು ಗಂಟೆ, ಕಿಟಕಿಯ ಪಕ್ಕದಲ್ಲಿ, ಒಂದು ಗುಟುಕೂ ಇಲ್ಲದೆ. ಮೇಲೆ ತಾನು ಅವಳಿಗೆ ಬಿಸ್ಕತ್ತು ಬೇರೆ ತಿನ್ನಿಸಿದ್ದ. ಯಾರನ್ನೂ ದಾರಿಯಲ್ಲಿ ಬಿಟ್ಟವನಲ್ಲ ಎಂದು ಬೀಗುತ್ತಿದ್ದವನ ಪಕ್ಕದ ಸೀಟಿನಲ್ಲೇ ಹೀಗಾಗಿತ್ತು.

"ಎರಡೇ ಮಾತು," ಎಂದಳು ಹೆಂಡತಿ. "ಬರೋ ಶನಿವಾರದಿಂದ ಅವ್ಳು ಒಬ್ಳೇ ಹೋಗ್ಬೇಕು, ನೀರೂ ಕುಡೀಬೇಕು. ಇಲ್ಲಾಂದ್ರೆ ಶನಿವಾರ ನಿಮ್ಮ ಅಕ್ಕನ ಮನೇಲಿ ಬಿಡ್ತೀನಿ."

ಹೋಲ್ಡಾನನ ಅಕ್ಕನ ಮನೆಯಲ್ಲಿ ಸೋಫಾದ ಮೇಲೆ ಇಪ್ಪತ್ತು ವರ್ಷದಿಂದ ತೆಗೆಯದ ಪ್ಲಾಸ್ಟಿಕ್ ಹಾಳೆಯಿದೆ. ಮಕ್ಕಳು ಅದು ಸರಸರ ಎನ್ನದ ಹಾಗೆ ಕೂರಬೇಕು. ಮಗಳು ಆ ಸೋಫಾದ ಮೇಲೆ, ತಾನು ಖಾಲಿ ಕಿಟಕಿಯ ಪಕ್ಕದಲ್ಲಿ. ಅವನಿಗೆ ಊಟ ಸೇರಲಿಲ್ಲ.

ವಾರವಿಡೀ ತಯಾರಿ ನಡೆಯಿತು. ಚಿಲ್ರೆಯ ಚೀಲಕ್ಕೆ ಸೋಪಿನ ಚೂರು, ಕಾಗದ, ಕೈವಸ್ತ್ರ, ಚಿಲಕ ಕೆಟ್ಟಿದ್ದರೆ ಬಾಗಿಲು ಕಟ್ಟಲು ಒಂದು ಮೊಳ ಹಗ್ಗ, ಇಷ್ಟೂ ಸೇರಿದವು. ಟಾರ್ಚು ಇಡಲು ಹೋದಾಗ ಹೆಂಡತಿ, "ಅವ್ಳು ಹೋಗ್ತಿರೋದು ಟಾಯ್ಲೆಟ್ಟಿಗೆ, ಗುಹೆಗಲ್ಲ" ಎಂದು ಕಿತ್ತಿಟ್ಟಳು. ಕೊನೆಗೆ ಹೋಲ್ಡಾನ್ ಕೊರಳಿನಿಂದ ತನ್ನ ಹಿತ್ತಾಳೆ ಸೀಟಿಯನ್ನು ತೆಗೆದು ಮಗಳ ಕೊರಳಿಗೆ ಹಾಕಿದ. ಅಂಗಡಿಯ ಪ್ಲಾಸ್ಟಿಕ್ ಸೀಟಿಯ ಮೇಲೆ ಅವನಿಗೆ ಭರವಸೆಯಿರಲಿಲ್ಲ.

"ಕೇಳು. ಒಳಗೆ ಹೋಗಿ ಚಿಲಕ ಹಾಕ್ಕೊಂಡ ಮೇಲೆ ಎರಡು ಸಲ ಊದು. ಅಂದ್ರೆ ಎಲ್ಲಾ ಸರಿ. ಏನಾದ್ರೂ ತೊಂದ್ರೆ ಆದ್ರೆ ಒಂದೇ ಒಂದು, ಉದ್ದಕ್ಕೆ. ನಾನು ಬಾಗಿಲು ಮುರ್ಕೊಂಡು ಬರ್ತೀನಿ. ತೊಂದ್ರೆ ತೀರಿದ್ರೆ ಮತ್ತೆ ಎರಡು."

ಇಪ್ಪತ್ತೆರಡು ವರ್ಷ ಎರಡಕ್ಕೆ ಸರಿ, ಒಂದಕ್ಕೆ ತಡೆ ಎಂದು ಬದುಕಿದವನಿಗೆ ಬೇರೆ ಲೆಕ್ಕ ಹೊಳೆಯುವುದಾದರೂ ಹೇಗೆ? ಬಚ್ಚಲ ಬಾಗಿಲಲ್ಲಿ ನಾಲ್ಕು ದಿನ ತಾಲೀಮು ನಡೆಯಿತು. ಮೂರನೇ ದಿನ ಕೆಳಗಿನ ಮನೆಯ ನಿವೃತ್ತ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದು, "ನಿಮ್ಮನೇಲಿ ಸ್ನಾನಕ್ಕೆ ಹೋಗೋಕೂ ಬಸ್ಸು ಬಿಟ್ಟಿದೀರಾ?" ಎಂದು ವಿಚಾರಿಸಿಕೊಂಡು ಹೋದರು. ಚಿಲ್ರೆ ಒಂದು ಸಲವೂ ತಪ್ಪಲಿಲ್ಲ.

ಶನಿವಾರ ಬಂತು. ಮಧ್ಯದ ನಿಲ್ದಾಣಕ್ಕೆ ಬರುವ ಹೊತ್ತಿಗೆ ಚಿಲ್ರೆ ಅಮ್ಮನ ಅಪ್ಪಣೆಯಂತೆ ಅರ್ಧ ಬಾಟಲಿ ನೀರು ಕುಡಿದು ಕಾಲು ಕುಣಿಸುತ್ತಿದ್ದಳು. ಹೋಲ್ಡಾನ್ ಹೆಂಗಸರ ಬಾಗಿಲ ತನಕ ಬಂದು, ಸೀಟಿಯನ್ನು ತನ್ನ ಕೊರಳಿನಿಂದ ಮಗಳ ಕೊರಳಿಗೆ ದಾಟಿಸಿ ನಿಂತ. ಶೌಚಾಲಯ ಗುಡಿಸುವ ಹೆಂಗಸು ಕೋಲು ಹಿಡಿದು ನೆಲ ಒರೆಸುತ್ತಿದ್ದವಳು ಇವನನ್ನೊಮ್ಮೆ ನೋಡಿದಳು.

"ಗಂಡಸ್ರದ್ದು ಆ ಕಡೆ."

"ಗೊತ್ತು. ನಾನು ಹೊರಗೇ ಇರ್ತೀನಿ. ನನ್ನ ಮಗಳು..."

"ಹೊರಗೆ ಅಂದ್ರೆ ಇನ್ನೂ ಹೊರಗೆ."

ಎರಡು ಹೆಜ್ಜೆ ಹಿಂದೆ ಸರಿದ. ಚಿಲ್ರೆ ತಿರುಗಿಯೂ ನೋಡದೆ ಒಳಗೆ ನಡೆದಳು. ಹೋಲ್ಡಾನ್ ಎಣಿಸತೊಡಗಿದ. ಇಪ್ಪತ್ತಾಯಿತು, ಮೂವತ್ತಾಯಿತು. ಸದ್ದಿಲ್ಲ. ನಲವತ್ತೆರಡಕ್ಕೆ, ಗೋಡೆಯ ಎತ್ತರದಲ್ಲಿದ್ದ ಗಾಳಿಕಿಂಡಿಯಿಂದ ಕೇಳಿಸಿತು: ಪೀ-ಗೊರ್, ಪೀ-ಗೊರ್.

ಹೋಲ್ಡಾನನಿಗೆ ಹೋದ ಜೀವ ಬಂದಂತಾಯಿತು. ಎಂಥ ಮಗಳು! ಎಷ್ಟು ಅಚ್ಚುಕಟ್ಟು! ಅಭ್ಯಾಸಬಲದಿಂದ "ರೈಟ್" ಎಂದು ತಾನೂ ಒಂದು ಕೂಗು ಹಾಕಿದ.

ಆ ಗಾಳಿಕಿಂಡಿಯ ನೇರ ಕೆಳಗೆ ಮೂರನೇ ಅಂಕಣ. ಮೂರನೇ ಅಂಕಣದಲ್ಲಿ ಅವನದೇ ಬಸ್ಸು. ಹತ್ತು ನಿಮಿಷ ಮುಗಿದಿತ್ತು, ಮೌನಿ ಕೀಲಿಯ ಮೇಲೆ ಕೈಯಿಟ್ಟು ಕಾಯುತ್ತಿದ್ದ. ಹದಿನಾಲ್ಕು ವರ್ಷದಿಂದ ಕೇಳಿದ ಗೊರ್ ಅವನ ಕಿವಿಗೆ ಬಿತ್ತು. ಎಂಜಿನ್ನು ಗುಡುಗಿತು. ಮೂವತ್ತೆಂಟು ಪ್ರಯಾಣಿಕರನ್ನು ಹೊತ್ತ ಬಸ್ಸು ಕಂಡಕ್ಟರಿಲ್ಲದೆ ಹೊರಟಿತು.

"ಹೋಲ್ಡಾನ್! ಹೋಲ್ಡಾನ್!"

ತನ್ನ ಹೆಸರನ್ನು ತಾನೇ ಕೂಗಿಕೊಂಡು ಓಡುವವನನ್ನು ನಿಲ್ದಾಣದ ಜನ ಬಾಯಿ ಬಿಟ್ಟುಕೊಂಡು ನೋಡಿದರು. ಬಸ್ಸಿನ ಕಡೆ ಮೂರು ಹೆಜ್ಜೆ ಓಡಿದ. ಮಗಳು ಒಳಗಿದ್ದಾಳೆ ಎಂದು ನೆನಪಾಗಿ ಬಾಗಿಲ ಕಡೆ ಎರಡು ಹೆಜ್ಜೆ ಬಂದ. ಮತ್ತೆ ಬಸ್ಸಿನ ಕಡೆ ಒಂದು. ಹಿಂದಿನ ಸೀಟಿನ ಅಜ್ಜಿಯೊಬ್ಬಳು ತನ್ನನ್ನು ಬೀಳ್ಕೊಡಲು ಬಂದಿದ್ದಾನೆಂದುಕೊಂಡಳೋ ಏನೋ, ಕೈ ಬೀಸಿದಳು. ಕೂಗಿಗೆ ಮೌನಿ ನಿಲ್ಲುವವನಲ್ಲ. ಸೀಟಿ ಬೇಕು. ಸೀಟಿ ಚಿಲಕದ ಹಿಂದಿದೆ.

ಅವನು ಹೆಂಗಸರ ಬಾಗಿಲಿಗೆ ಬಾಯಿಟ್ಟು ಕಿರುಚಿದ. "ಚಿಲ್ರೇ! ಒಂದು ಊದು! ಒಂದೇ ಒಂದು!"

ಒಳಗೆ ನಾಲ್ಕಾರು ಹೆಂಗಸರು ಹೌಹಾರಿದರು. ನಡುವೆ ಚಿಲ್ರೆಯ ದನಿ ಶಾಂತವಾಗಿ ಬಂತು.

"ಒಂದು ಊದಿದ್ರೆ ತೊಂದ್ರೆ ಅಂತ ಅಪ್ಪಾ. ನಂಗೇನೂ ತೊಂದ್ರೆ ಇಲ್ಲ."

"ನಂಗಿದೆ ತೊಂದ್ರೆ!"

"ನಿಂಗೆ ತೊಂದ್ರೆ ಆದ್ರೆ ಎಷ್ಟು ಊದ್ಬೇಕು ಅಂತ ನೀನು ಹೇಳಿಲ್ಲ."

"ಊದೇ ತಾಯೀ!"

ಪೀ——ಗೊರ್. ನಿಲ್ದಾಣದ ಹೆಬ್ಬಾಗಿಲಲ್ಲಿ, ಅರ್ಧ ಒಳಗೆ ಅರ್ಧ ಹೊರಗೆ, ಬಸ್ಸು ಗಕ್ಕನೆ ನಿಂತಿತು. ಹಿಂದೆ ಬರುತ್ತಿದ್ದ ಬಸ್ಸುಗಳು ನಿಂತವು, ರಸ್ತೆಯ ಗಾಡಿಗಳು ನಿಂತವು, ಎಲ್ಲವೂ ಒಟ್ಟಿಗೆ ಹಾರನ್ನು ಬಾರಿಸಿದವು. ಹೋಲ್ಡಾನ್ ಮೊಣಕಾಲಿನ ಮೇಲೆ ಕೈಯೂರಿ ಉಸಿರು ಬಿಟ್ಟ. ಮಗಳನ್ನು ಕರೆದುಕೊಂಡು ನಿಧಾನವಾಗಿ ಹೋಗಿ ಹತ್ತಿದರಾಯಿತು.

ಹೇಳಿಕೊಟ್ಟದ್ದನ್ನು ಮರೆಯುವ ಮಗುವಲ್ಲ ಚಿಲ್ರೆ. ಅಪ್ಪನ ಕಿರುಚಾಟ ನಿಂತಿತು, ಅಂದರೆ ತೊಂದರೆ ತೀರಿತು. ತೊಂದರೆ ತೀರಿದರೆ?

ಪೀ-ಗೊರ್, ಪೀ-ಗೊರ್.

"ಬೇಡಾ!" ಎಂದು ಹೋಲ್ಡಾನ್ ಒಳಗೇ ನುಗ್ಗುತ್ತಿದ್ದನೋ ಏನೋ, ಎದೆಗೆ ಒರೆಸುವ ಕೋಲು ಅಡ್ಡ ಬಂತು. ಗುಡಿಸುವ ಹೆಂಗಸು ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದಳು. ಅವಳ ಹೆಗಲ ಮೇಲಿಂದ ಅವನು ನೋಡಿದ. ಬಸ್ಸು ಹೆಬ್ಬಾಗಿಲು ದಾಟಿ, ತಿರುವಿನಲ್ಲಿ ತಿರುಗಿ, ಕಣ್ಮರೆಯಾಯಿತು.

ಓಡಿದ್ದರೆ ಸಿಗುತ್ತಿತ್ತು. ತಿರುವಿನಲ್ಲಿ ಮೌನಿ ಯಾವಾಗಲೂ ನಿಧಾನ. ಆದರೆ ಹೋಲ್ಡಾನ್ ಓಡಲಿಲ್ಲ. ಬಸ್ಸು ಹೋದರೆ ಹೋಗಲಿ, ನೌಕರಿಯ ಮೇಲೆ ಕುತ್ತು ಬಂದರೆ ಬರಲಿ, ಮಗಳು ಹೊರಗೆ ಬಂದಾಗ ತಾನು ಇಲ್ಲದಿರುವುದು ಅವನ ಕೈಲಾಗದ ಮಾತು. ಓಡಾಟದಲ್ಲಿ ಕಳಚಿ ಬಿದ್ದಿದ್ದ ಕಂಡಕ್ಟರ್ ಟೋಪಿಯನ್ನು ಎತ್ತಿ ದೂಳು ಕೊಡವಿಕೊಂಡು ಅಲ್ಲೇ ನಿಂತ.

ಚಿಲ್ರೆ ಬಂದಳು. ಕೈ ಒದ್ದೆ, ಮುಖದಲ್ಲಿ ಗೆದ್ದು ಬಂದ ಕಳೆ.

"ಎಲ್ಲಾ ಸರಿಯಾಗಿ ಊದಿದೆ ಅಲ್ವಾ ಅಪ್ಪಾ?"

"ಸರಿಯಾಗಿ ಊದಿದೆ."

"ಬಸ್ಸೆಲ್ಲಿ?"

"ಹೋಯ್ತು."

ಅವಳು ಒದ್ದೆ ಕೈಯನ್ನು ಕೈವಸ್ತ್ರಕ್ಕೆ ಒರೆಸಿಕೊಂಡಳು. "ನೀನು ಯಾರನ್ನೂ ಬಿಟ್ಟು ಹೋಗಲ್ಲ ಅಂತಿದ್ದೆ. ನಮ್ಮನ್ನೇ ಬಿಟ್ಟುಬಿಟ್ಟಿದಾರಲ್ಲ!"

ಗುಡಿಸುವ ಹೆಂಗಸಿಗೆ ಆಗ ಎಲ್ಲ ಅರ್ಥವಾಯಿತು. ಕೋಲಿಗೆ ಆತುಕೊಂಡು ಅವಳು ನಕ್ಕ ನಗೆಗೆ ಗೋಡೆಯ ಮೇಲಿದ್ದ ಪಾರಿವಾಳಗಳು ಹಾರಿಹೋದವು.

ಅಪ್ಪ ಮಗಳು ಹಿಂದೆ ಬಂದ ಇನ್ನೊಂದು ಬಸ್ಸು ಹಿಡಿದು ಹೊರಟರು. ಹೋಲ್ಡಾನ್ ಬಸ್ಸಿನಲ್ಲಿ ಪ್ರಯಾಣಿಕನಾಗಿ ಕೂತು ಎಷ್ಟೋ ವರ್ಷವಾಗಿತ್ತು, ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ. ಅತ್ತ ಮೌನಿ ಸೀಟಿ ಕೇಳದ್ದರಿಂದ ಮೂರು ಸ್ಟಾಪುಗಳಲ್ಲಿ ನಿಲ್ಲಿಸದೆ ಹೊಡೆದುಕೊಂಡು ಹೋಗಿದ್ದ. ಇಳಿಯುವವರು ಬಾಯಿ ಬಡಿದುಕೊಂಡರೂ ಜಗ್ಗಿರಲಿಲ್ಲ. ಕೊನೆಗೆ ಕೈ ಬೀಸಿದ ಅಜ್ಜಿಯೇ ಮುಂದೆ ಬಂದು ಕೊಡೆಯ ತುದಿಯಿಂದ ಅವನ ಭುಜ ತಿವಿದು, "ನಿಮ್ಮ ಕಂಡಕ್ಟ್ರು ಅಲ್ಲೇ ಲೇಡೀಸ್ ಟಾಯ್ಲೆಟ್ ಹತ್ರ ಕುಣೀತಿದಾರೆ" ಎಂದಾಗ ಬಸ್ಸು ನಿಂತಿತಂತೆ. ಹೋಲ್ಡಾನ್ ಬಂದು ತಲುಪಿದಾಗ ಮೌನಿ ಹದಿನಾಲ್ಕು ವರ್ಷದಲ್ಲೇ ಅತಿ ದೊಡ್ಡ ಭಾಷಣ ಮಾಡಿದ.

"ಎರಡು ಊದಿದ್ರಿ, ಹೊರಟೆ. ಒಂದು ಊದಿದ್ರಿ, ನಿಲ್ಲಿಸ್ದೆ. ಮತ್ತೆ ಎರಡು ಊದಿದ್ರಿ, ಹೋದೆ. ಇದ್ರಲ್ಲಿ ನನ್ನ ತಪ್ಪೇನು?"

ಕಚೇರಿಯಿಂದ ಕಾಗದ ಬಂತು: ಬಸ್ಸನ್ನು ಬಿಟ್ಟು ಉಳಿದದ್ದೇಕೆ, ಬರವಣಿಗೆಯಲ್ಲಿ ಉತ್ತರ ಕೊಡಿ. ಹೋಲ್ಡಾನ್ ಎರಡು ದಿನ ತಲೆ ಕೆರೆದುಕೊಂಡು, 'ನಾನು ಬಸ್ಸನ್ನು ಬಿಟ್ಟಿಲ್ಲ, ಬಸ್ಸು ನನ್ನನ್ನು ಬಿಟ್ಟಿತು. ಕಾರಣ, ಸೀಟಿಯು ಆ ಸಮಯದಲ್ಲಿ ಹೆಂಗಸರ ಶೌಚಾಲಯದಲ್ಲಿತ್ತು' ಎಂದು ಬರೆದುಕೊಟ್ಟ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದ ಪಾಪ. ಓದಿದ ಅಧಿಕಾರಿ ಕರೆಸಿ, ಮುಖ ಗಂಟಿಕ್ಕಲು ಹೆಣಗಾಡಿ, ಇನ್ನೊಮ್ಮೆ ಹೀಗಾಗಬಾರದು ಎಂದಷ್ಟೇ ಹೇಳಿ ಕಳಿಸಿದರು. ಬಾಗಿಲು ಮುಚ್ಚಿದ ಮೇಲೆ ಒಳಗಿನಿಂದ ಕೇಳಿಸಿದ ಸದ್ದು ಕೆಮ್ಮಂತೂ ಅಲ್ಲ.

ಅದಕ್ಕೂ ಮೊದಲು, ಆ ಶನಿವಾರ ಸಂಜೆಯೇ, ಮನೆಯಲ್ಲಿ ವಿಚಾರಣೆ ನಡೆದಿತ್ತು. ಹೆಂಡತಿ ಕೇಳಿ ಕೇಳಿ ನಕ್ಕು, ನಿಂತು ನಗಲಾರದೆ ನೆಲದ ಮೇಲೆ ಕೂತು ನಕ್ಕು, ಕಣ್ಣೊರೆಸಿಕೊಂಡಳು.

"ಅವ್ಳು ಒಬ್ಳೇ ಹೋಗಿ ಬಂದ್ಲಾ?"

"ಬಂದ್ಲು."

"ಚಿಲಕ ಹಾಕ್ಕೊಂಡ್ಲಾ? ಕೈ ತೊಳ್ಕೊಂಡ್ಲಾ?"

"ತೊಳ್ಕೊಂಡ್ಲು."

"ಹೇಳಿದ್ದಷ್ಟೂ ಮಾಡಿದ್ಲಾ?"

"ಅದೇ ಆಗಿದ್ದು ತೊಂದ್ರೆ."

"ಹಾಗಾದ್ರೆ ಎಡವಟ್ಟು ಮಾಡಿದ್ದು ಯಾರು?"

ಹೆಂಡತಿ ನಗು ನಿಲ್ಲಿಸಿ ತೀರ್ಪು ಕೊಟ್ಟಳು. ಮಗಳು ಪಾಸಾಗಿದ್ದಾಳೆ, ಇನ್ನು ಪರೀಕ್ಷೆ ಅಪ್ಪನಿಗೆ. ಬರುವ ಶನಿವಾರ ಸೀಟಿ ಅಪ್ಪನ ಕೊರಳಲ್ಲೇ ಇರಬೇಕು, ಅಪ್ಪ ಬಸ್ಸಿನ ಮೆಟ್ಟಿಲ ಮೇಲೇ ಇರಬೇಕು. ಬಾಗಿಲ ಹತ್ತಿರ ಒಂದು ಹೆಜ್ಜೆ ಹೋದರೂ ಮರುವಾರದಿಂದ ಅಕ್ಕನ ಮನೆ.

"ಅವ್ಳಿಗೇನಾದ್ರೂ ಆದ್ರೆ?"

"ಕೂಗ್ತಾಳೆ. ಬಾಯಿದೆಯಲ್ಲ, ನಿಮ್ದೇ ಬಾಯಿ," ಎಂದಳು. ಆಮೇಲೆ ಅವನ ಮುಖ ನೋಡಿ ದನಿ ತಗ್ಗಿಸಿದಳು. "ನಂಗೂ ಭಯ ಆಗುತ್ತೆ ರೀ. ನಾನು ಇಸ್ತ್ರಿ ಹಾಕ್ತಾ ಹಾಕ್ತಾ ಗಡಿಯಾರ ನೋಡ್ತಿರ್ತೀನಿ. ಆದ್ರೆ ನಮ್ಮ ಭಯಕ್ಕೆ ಅವ್ಳು ಯಾಕೆ ಬಾಯಾರ್ಕೊಂಡು ಕೂರ್ಬೇಕು?"

ಮುಂದಿನ ಶನಿವಾರ ಬಸ್ಸು ಮೂರನೇ ಅಂಕಣಕ್ಕೆ ಬಂದಾಗ ಚಿಲ್ರೆಯ ಬಾಟಲಿಯಲ್ಲಿ ಕಾಲು ಭಾಗ ಉಳಿದಿತ್ತು. ಅವಳು ಬಾಟಲಿಯನ್ನು ಸೀಟಿನ ಮೇಲಿಟ್ಟು, ಸೋಪಿನ ಚೂರನ್ನು ಮಾತ್ರ ತೆಗೆದುಕೊಂಡಳು. ಹಗ್ಗವನ್ನು ಅಪ್ಪನ ಕೈಗೆ ವಾಪಸು ಕೊಟ್ಟು ಇಳಿದಳು. ಹೋಲ್ಡಾನ್ ಮೆಟ್ಟಿಲ ಮೇಲೆ ಕಂಬಿ ಹಿಡಿದು ನಿಂತ. ಗುಡಿಸುವ ಹೆಂಗಸು ದೂರದಿಂದಲೇ ಅವನನ್ನು ಗುರುತಿಸಿ, ಕೋಲನ್ನೊಮ್ಮೆ ಎತ್ತಿ ತೋರಿಸಿದಳು. ಅದು ನಮಸ್ಕಾರವೋ ಎಚ್ಚರಿಕೆಯೋ ತಿಳಿಯಲಿಲ್ಲ.

ನೂರ ಹತ್ತು ಎಣಿಸುವಷ್ಟರಲ್ಲಿ ಚಿಲ್ರೆ ಹೊರಗೆ ಬಂದಳು. ಹೋಲ್ಡಾನ್ ಉಸಿರು ಬಿಡುವಷ್ಟರಲ್ಲಿ ಅವಳು ನಿಂತುಬಿಟ್ಟಳು. ಎರಡು ಬಾಗಿಲುಗಳ ನಡುವೆ ಯಾರೋ ಒಬ್ಬ ಗಂಡಸು, ಕೈಯಲ್ಲಿ ನಾಲ್ಕು ವರ್ಷದ ಹೆಣ್ಣು ಮಗು. ಆ ಮನುಷ್ಯ ಒಮ್ಮೆ ಎಡಕ್ಕೆ ನೋಡುತ್ತಿದ್ದ, ಒಮ್ಮೆ ಬಲಕ್ಕೆ. ಆಗಲೇ ಒಂದು ಅಂಗೈ ಮಗುವಿನ ಕಣ್ಣಿಗೆ ಅಡ್ಡ ಬಂದಿತ್ತು. ಚಿಲ್ರೆ ಅವನಿಗೆ ಏನೋ ಹೇಳಿದಳು. ಅವನು ಬಗ್ಗಿ ಕೇಳಿದ, ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ, ಏನೋ ವಿಚಾರಿಸಿದ. ಆಮೇಲೆ ಮಗುವಿನ ಕೈ ಬಿಟ್ಟ. ಚಿಲ್ರೆ ಆ ಕೈ ಹಿಡಿದುಕೊಂಡು ಹೆಂಗಸರ ಬಾಗಿಲೊಳಗೆ ಮತ್ತೆ ನಡೆದಳು.

ಹೊತ್ತು ಮೀರಿತು. ಮೌನಿಯ ಕೈ ಕೀಲಿಯ ಮೇಲಿತ್ತು. ಹಿಂದಿನಿಂದ ಯಾರೋ, "ಏನ್ರೀ, ಇನ್ನೂ ಯಾರು ಬರ್ಬೇಕು?" ಎಂದರು. ಹೋಲ್ಡಾನನ ಎಡಗಾಲು ತಾನಾಗಿಯೇ ನೆಲಕ್ಕಿಳಿದಿತ್ತು. ಅವನು ಅದನ್ನು ಮೇಲಕ್ಕೆಳೆದುಕೊಂಡ. ಮತ್ತೆ ಇಳಿಯಿತು, ಮತ್ತೆ ಎಳೆದುಕೊಂಡ. "ಒಬ್ರು ಬರೋದಿದೆ," ಎಂದ ಹಿಂತಿರುಗದೆ. ಅಲ್ಲಿ ಹೆಂಗಸರ ಬಾಗಿಲ ಹೊರಗೆ ಆ ಇನ್ನೊಬ್ಬ ಅಪ್ಪ ಕೂಡ ಟೋಪಿಯಿಲ್ಲದ ತಲೆಯನ್ನು ಎರಡು ಕೈಯಿಂದ ಹಿಡಿದುಕೊಂಡು ನಿಂತಿದ್ದ.

ಬಂದರು. ಚಿಕ್ಕದರ ಕೈ ಮೊಣಕೈಯವರೆಗೂ ಒದ್ದೆ. ಚಿಲ್ರೆ ಅದನ್ನು ಅಪ್ಪನಿಗೆ ಒಪ್ಪಿಸಿದಳು. ಆ ಮನುಷ್ಯ ಏಳು ವರ್ಷದ ಹುಡುಗಿಗೆ ದೊಡ್ಡವರಿಗೆ ಮುಗಿಯುವ ಹಾಗೆ ಕೈ ಮುಗಿದ. ಅವಳು ಓಡಿ ಬಂದು ಮೆಟ್ಟಿಲು ಹತ್ತಿದಳು. ಹತ್ತುವಾಗ ಹಳದಿ ಗೆರೆ ಅವಳ ನೆತ್ತಿಯ ಕೆಳಗಿತ್ತು.

"ಯಾರು ಪುಟ್ಟಾ ಅವ್ರು?" ಎಂದು ಕೇಳಿದ ಹೋಲ್ಡಾನ್.

"ಗೊತ್ತಿಲ್ಲ. ಯಾರಾದ್ರೂ ನಂಬಿಕೆಯ ಹೆಂಗಸ್ರು ಬರ್ತಾರಾ ಅಂತ ನೋಡ್ತಿದ್ರು," ಎಂದಳು ಚಿಲ್ರೆ, ಕಿಟಕಿಯ ಪಕ್ಕ ಕೂರುತ್ತಾ. "ಬಂದಿದೀನಿ ಅಂದೆ."

ಅವಳು ಬಾಟಲಿಯ ಮುಚ್ಚಳ ತಿರುಗಿಸಿ ಉಳಿದ ನೀರನ್ನು ಗಟಗಟ ಕುಡಿಯತೊಡಗಿದಳು. ಹೋಲ್ಡಾನ್ ಸೀಟಿಯನ್ನು ತುಟಿಗಿಟ್ಟುಕೊಂಡ. ಅವನಿಗೆ ಸಂತೋಷವಾಗಿತ್ತು, ಸಂಕಟವೂ ಆಗಿತ್ತು. ಊದಿದರೆ ಬರೀ ಗಾಳಿ ಬಂತು. ಇನ್ನೊಮ್ಮೆ ಊದಿದ. ಪೀಯೂ ಇಲ್ಲ, ಗೊರ್ ಕೂಡ ಇಲ್ಲ.

ಮುಂದಿನ ಸೀಟಿನಿಂದ ಮೌನಿ, ತಿರುಗಿ ನೋಡದೆ, ಕೇಳಿದ.

"ಎರಡು ಅಂತ ಇಟ್ಕೊಳ್ಲಾ?"

ಚಿಲ್ರೆ ಬಾಟಲಿ ಕೆಳಗಿಳಿಸಿ ಬಾಯೊರೆಸಿಕೊಂಡಳು.

"ಇಟ್ಕೊಳ್ಳಿ ಮಾಮ," ಎಂದಳು. ಬಸ್ಸು ಹೊರಟಿತು.